ಎಲ್‌ಎಸ್‌ಡಿ, ಸಿತಾರ್, ಉಲ್ಟಾ ಟೇಪು: ಸೈಕೆಡೆಲಿಕ್ ರಾಕ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೇಲಿ ಪಿಂಕ್ ಫ್ಲಾಯ್ಡ್ ಅನ್ನೋ ಇಂಗ್ಲೆಂಡಿನ ರಾಕ್ ಬ್ಯಾಂಡ್ ಬಗ್ಗೆ ಒಂದು ಪ್ಯಾರಾ ಬರೆದಿದ್ದಕ್ಕೆ ಮೈಸೂರು, ಮಂಡ್ಯ, ಮಳವಳ್ಳಿ ಕಡೆಯಿಂದ ಇಷ್ಟೊಂದು ಪ್ರಶ್ನೆ ಬಂದಿದೆ, ಅದಕ್ಕೇ ಈ ಸಲ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ನಾನು ರಿಟೈರ್ಡ್ ಮೇಷ್ಟ್ರು, ಸರಸ್ವತಿಪುರಂನಲ್ಲಿ ಮನೆ. ಮೊಮ್ಮಗ ಇಂಜಿನಿಯರಿಂಗ್ ಓದ್ತಿದಾನೆ, ರಾತ್ರಿ ರೂಮಿನ ಬಾಗಿಲು ಹಾಕ್ಕೊಂಡು ಪಿಂಕ್ ಫ್ಲಾಯ್ಡ್, ಜಿಮಿ ಹೆಂಡ್ರಿಕ್ಸ್ ಅಂತ ಕೇಳ್ತಾನೆ. ಏನಿದು ಅಂತ ಗೂಗಲ್ ಮಾಡಿದ್ರೆ ಸೈಕೆಡೆಲಿಕ್ ರಾಕ್ ಅಂತ ಬಂತು, ಅದರ ಪಕ್ಕದಲ್ಲೇ ಎಲ್‌ಎಸ್‌ಡಿ ಅಂತಾನೂ ಬಂತು. ಗಾಬರಿ ಆಗಿದೆ. ಇದು ಡ್ರಗ್ಸ್ ಸಂಗೀತಾನ?

ಉತ್ತರ: ಮೇಷ್ಟ್ರೇ, ನಿಮ್ಮ ಗಾಬರಿ ಸಹಜವಾದದ್ದೇ, ಹಾಗಾಗಿ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಸೈಕೆಡೆಲಿಕ್ ರಾಕ್ ಅಂದ್ರೆ ಅಮಲಲ್ಲಿ ಮನಸ್ಸಿಗೆ ಆಗೋ ವಿಚಿತ್ರ ಅನುಭವಾನ ಸದ್ದಲ್ಲಿ ತರೋಕೆ ನೋಡೋ ಸಂಗೀತ, ಹುಟ್ಟಿದ್ದು ಆ ಗಾಳೀಲೇ, ಅದರಲ್ಲಿ ಮುಚ್ಚಿಡೋಂಥದ್ದು ಏನೂ ಇಲ್ಲ. ಎಲ್‌ಎಸ್‌ಡಿ ಮೊದಲು ತಯಾರಾಗಿದ್ದು 1938ರಲ್ಲಿ, ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ಲ್ಯಾಬಲ್ಲಿ, ಆಲ್ಬರ್ಟ್ ಹಾಫ್‌ಮನ್ ಅನ್ನೋ ರಸಾಯನ ವಿಜ್ಞಾನಿಯಿಂದ, ಅದು ತಲೆಗೆ ಏನು ಮಾಡುತ್ತೆ ಅಂತ ಗೊತ್ತಾಗಿದ್ದು 1943ರಲ್ಲಿ. ಅರವತ್ತರ ದಶಕದ ನಡುಭಾಗದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ, ಲಂಡನ್ ಕಡೆ ಹುಡುಗರ ಕೈಗೆ ಬಂತು, ಕ್ಯಾಲಿಫೋರ್ನಿಯಾ ಸರ್ಕಾರ 1966ರ ಅಕ್ಟೋಬರ್ 6ಕ್ಕೆ ಬ್ಯಾನ್ ಮಾಡ್ತು, ಅದೇ ತಿಂಗಳೇ ಟೆಕ್ಸಸ್‌ನ ತರ್ಟೀನ್ತ್ ಫ್ಲೋರ್ ಎಲಿವೇಟರ್ಸ್ ಅನ್ನೋ ಬ್ಯಾಂಡು ತನ್ನ ಮೊದಲ ಆಲ್ಬಮ್ ತಂತು, ಆ ಆಲ್ಬಮ್ ಹೆಸರಲ್ಲೇ ಸೈಕೆಡೆಲಿಕ್ ಅಂತ ಇತ್ತು.

ಆದರೆ ನಾವು ಇವತ್ತೂ ಕೂತು ಕೇಳೋ ಅಂಥ ಆ ಹಾಡುಗಳು ತಯಾರಾಗಿದ್ದು ಅಮಲಲ್ಲಿ ಅಲ್ಲ, ಸ್ಟುಡಿಯೋದಲ್ಲಿ, ಬೆವರು ಸುರಿಸಿ. ಒಂದು ಹಾಡು ತಗೊಳ್ಳಿ, ಬೀಟಲ್ಸ್‌ದು, ಟುಮಾರೋ ನೆವರ್ ನೋಸ್. 1966ರ ಏಪ್ರಿಲ್‌ನಲ್ಲಿ ಲಂಡನ್ನಿನ ಅಬ್ಬೆ ರೋಡ್‌ನಲ್ಲಿದ್ದ ಇಎಂಐ ಸ್ಟುಡಿಯೋದಲ್ಲಿ ರೆಕಾರ್ಡ್ ಶುರು ಆಯ್ತು, ರಿವಾಲ್ವರ್ ಆಲ್ಬಮ್ಮಿಗೆ ಮೊದಲು ರೆಕಾರ್ಡ್ ಮಾಡಿದ್ದು ಇದೇ. ಜಾನ್ ಲೆನನ್ ಬಂದು, ನನ್ನ ದನಿ ಬೆಟ್ಟದ ತುದಿಯಿಂದ ದಲೈ ಲಾಮಾ ಮಂತ್ರ ಹೇಳಿದ ಹಾಗೆ ಕೇಳಿಸಬೇಕು ಅಂತ ಕೇಳಿದ್ರು. ಅದನ್ನ ಮಾಡಿಕೊಡಬೇಕಾಗಿದ್ದು ಜೆಫ್ ಎಮರಿಕ್ ಅನ್ನೋ 20 ವರ್ಷದ ಇಂಜಿನಿಯರ್ ಹುಡುಗ. ಅವನು ಏನು ಮಾಡ್ದ ಅಂದ್ರೆ, ಹ್ಯಾಮಂಡ್ ಆರ್ಗನ್ನಿಗೆ ಹಾಕೋ ಲೆಸ್ಲಿ ಅನ್ನೋ ಸ್ಪೀಕರ್ ಇತ್ತಲ್ಲ, ಅದರೊಳಗಡೆ ಸದ್ದು ಬರೋ ಭಾಗ ಗಿರಗಿರ ತಿರುಗುತ್ತೆ, ಲೆನನ್ ದನೀನ ಅದರ ಮೂಲಕ ಬಿಟ್ಟು ಎದುರಿಗೆ ಮೈಕ್ ಇಟ್ಟ. ಪಾಲ್ ಮೆಕಾರ್ಟ್ನಿ ಮನೇಲಿ ಟೇಪು ಕತ್ತರಿಸಿ ಅಂಟಿಸಿ ಮಾಡ್ಕೊಂಡು ಬಂದಿದ್ದ ಲೂಪುಗಳನ್ನ, ಅಂದ್ರೆ ಒಂದೇ ಸದ್ದು ಸುತ್ತಿ ಸುತ್ತಿ ಬರೋ ಟೇಪಿನ ಬಳೆಗಳನ್ನ, ಕಟ್ಟಡದಲ್ಲಿದ್ದ ಬೇರೆ ಬೇರೆ ಟೇಪ್ ಮಷೀನಿಗೆ ಹಾಕಿ, ಆ ಟೇಪು ಸಡಿಲ ಆಗದ ಹಾಗೆ ಸಿಬ್ಬಂದಿ ಪೆನ್ಸಿಲಲ್ಲಿ ಹಿಡ್ಕೊಂಡು ನಿಂತಿದ್ರು, ಈ ಕಡೆ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ ಮತ್ತೆ ಬೀಟಲ್ಸ್ ಹುಡುಗರು ಕನ್ಸೋಲಲ್ಲಿ ಒಂದೊಂದೇ ಸದ್ದನ್ನ ಮೇಲೆ ಕೆಳಗೆ ಮಾಡ್ತಿದ್ರು. ಅಮಲು ನೆತ್ತಿಗೇರಿದವರಿಂದ ಆಗೋ ಕೆಲಸ ಇದಲ್ಲ. ಲೆನನ್‌ಗೆ ಒಂದೇ ಸಾಲನ್ನ ಎರಡೆರಡು ಸಲ ಹಾಡೋದು ಬೇಜಾರು ಅಂತ ಕೆನ್ ಟೌನ್ಸೆಂಡ್ ಅನ್ನೋ ಇಂಜಿನಿಯರ್ ಒಂದು ಸಲ ಹಾಡಿದ್ದೇ ಎರಡು ದನಿ ಥರ ಕೇಳಿಸೋ ಉಪಾಯ ಕಂಡುಹಿಡಿದಿದ್ದೂ ಅದೇ ದಿನಗಳಲ್ಲಿ.

ನಿಮ್ಮ ಮೊಮ್ಮಗ ಕೇಳ್ತಿರೋದು ಇದನ್ನ. ಬಾಗಿಲು ಹಾಕ್ಕೊಳೋದು ಬಹುಶಃ ನಿಮಗೆ ತೊಂದರೆ ಆಗಬಾರದು ಅಂತಲೇ. ಒಂದು ದಿನ ಒಳಗೆ ಹೋಗಿ ಪಕ್ಕದಲ್ಲಿ ಕೂತು ಯಾವ ಹಾಡು ಇದು, ಯಾರು ಬಾರಿಸ್ತಿರೋದು ಅಂತ ಕೇಳಿ, ಅವನು ಹೇಳೋ ರೀತೀಲೇ ನಿಮಗೆ ಎಲ್ಲಾ ಗೊತ್ತಾಗುತ್ತೆ. ಡ್ರಗ್ಸ್ ವಿಷಯ ಬೇರೆ, ಅದನ್ನ ನೇರವಾಗಿ ಮಾತಾಡಿ, ಸಂಗೀತದ ಮೇಲೆ ಹಾಕಿ ಮಾತಾಡಬೇಡಿ, ಹುಡುಗ್ರು ಎರಡನ್ನೂ ಮುಚ್ಚಿಡೋಕೆ ಶುರು ಮಾಡ್ತಾರೆ.

ಪ್ರಶ್ನೆ: ನಾನು ಮೈಸೂರಿನ ಅಗ್ರಹಾರದಲ್ಲಿ ವೀಣೆ ಪಾಠ ಹೇಳ್ಕೊಡ್ತೀನಿ. ಈ ರಾಕ್‌ನವರು ನಮ್ಮ ಸಿತಾರ್, ತಂಬೂರಿ ಎಲ್ಲಾ ತಗೊಂಡು ಹೋದ್ರು ಅಂತಾರೆ. ಶ್ರದ್ಧೆಯಿಂದ ಕಲಿತ್ರಾ, ಅಥವಾ ಬರೀ ಅಲಂಕಾರಕ್ಕೆ ಇಟ್ಕೊಂಡ್ರಾ?

ಉತ್ತರ: ಅಮ್ಮ, ಎರಡೂ ಆಗಿದೆ, ಒಬ್ಬೊಬ್ಬರದ್ದು ಒಂದೊಂದು ಥರ. ಮೊದಮೊದಲು ಸದ್ದು ಕೇಳಿ ಮೋಹ ಹುಟ್ಟಿದ್ದು ಅಷ್ಟೇ. ಕಿಂಕ್ಸ್ ಬ್ಯಾಂಡಿನ ರೇ ಡೇವಿಸ್ 1965ರಲ್ಲಿ ಆಸ್ಟ್ರೇಲಿಯಾಗೆ ಹೋಗೋ ದಾರೀಲಿ ಬಾಂಬೆನಲ್ಲಿ ಇಳ್ಕೊಂಡಿದ್ದಾಗ ಬೆಳಗಿನ ಜಾವ ಮೀನುಗಾರರು ಹಾಡ್ಕೊಂಡು ಕೆಲಸಕ್ಕೆ ಹೋಗ್ತಿದ್ದದ್ದು ಕೇಳಿ ಸೀ ಮೈ ಫ್ರೆಂಡ್ಸ್ ಅಂತ ಹಾಡು ಬರೆದ್ರು, ಅದರಲ್ಲಿ ಸಿತಾರ್ ಇಲ್ಲವೇ ಇಲ್ಲ, ಗಿಟಾರಲ್ಲೇ ಶ್ರುತಿ ಹಿಡಿದ ಹಾಗೆ ಒಂದೇ ಸ್ವರ ನಿಲ್ಲಿಸಿದಾರೆ. ಅದೇ ವರ್ಷದ ಕೊನೇಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ನಾರ್ವೀಜಿಯನ್ ವುಡ್‌ನಲ್ಲಿ ಸಿತಾರ್ ಬಾರಿಸಿದ್ರು, ಸುಮ್ನೆ ಗಿಟಾರಿನ ರಾಗಾನೇ ಸಿತಾರ್ ಮೇಲೆ ಎತ್ತಿಟ್ಟ ಹಾಗಿದೆ, ಕಲಿತವರ ಕೈ ಅಲ್ಲ ಅಂತ ನಿಮಗೆ ಒಂದೇ ಸಲಕ್ಕೆ ಗೊತ್ತಾಗುತ್ತೆ.

ಆದರೆ ಹ್ಯಾರಿಸನ್ ಅಲ್ಲಿಗೇ ನಿಲ್ಲಿಸಲಿಲ್ಲ, 1966ರಲ್ಲಿ ಪಂಡಿತ್ ರವಿಶಂಕರ್ ಹತ್ರ ಶಿಷ್ಯನಾಗಿ ಬಂದು ಕೂತ್ರು. ಸಾರ್ಜೆಂಟ್ ಪೆಪ್ಪರ್ ಆಲ್ಬಮ್‌ನ ವಿದಿನ್ ಯೂ ವಿದೌಟ್ ಯೂ ಕೇಳಿ, 1967ರದ್ದು, ಅದರಲ್ಲಿ ಬೀಟಲ್ಸ್‌ನ ಉಳಿದ ಮೂರು ಜನ ಯಾರೂ ಬಾರಿಸಿಲ್ಲ, ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್‌ನ ಕಲಾವಿದರು ಬಾರಿಸಿರೋದು, ದಿಲ್‌ರುಬಾ ಅನ್ನೋ ಕಮಾನು ವಾದ್ಯ ಹಾಡಿನ ಹಿಂದೆ ಹಿಂದೆನೇ ಬರುತ್ತೆ. ಖಮಾಜ್ ಥಾಟ್ ಅಂತಾರೆ, ನಮ್ಮ ಲೆಕ್ಕದಲ್ಲಿ ಹರಿಕಾಂಭೋಜಿ ಸ್ವರಗಳು. ನೀವು ವೀಣೆ ಮೇಲೆ ಒಂದು ಸಲ ಹಿಡಿದು ನೋಡಿ, ಗಮಕ ಇಲ್ಲ ಅನ್ನೋ ಕೊರತೆ ಕಾಣುತ್ತೆ, ಆದರೆ ಭಕ್ತಿ ಕಾಣುತ್ತೆ. ಅಮೇರಿಕಾದ ಬರ್ಡ್ಸ್ ಬ್ಯಾಂಡಿನ ರೋಜರ್ ಮೆಗ್ವಿನ್ ಜಾನ್ ಕೋಲ್ಟ್ರೇನ್‌ನ ಜಾಝ್ ಮತ್ತೆ ರವಿಶಂಕರ್ ಎರಡನ್ನೂ ಕೇಳ್ಕೊಂಡು ಹನ್ನೆರಡು ತಂತಿ ಗಿಟಾರಲ್ಲಿ ಏಟ್ ಮೈಲ್ಸ್ ಹೈ ಮಾಡಿದ್ರು. ಡೋರ್ಸ್ ಬ್ಯಾಂಡಿನ ರಾಬಿ ಕ್ರೀಗರ್ ಲಾಸ್ ಏಂಜಲಿಸ್‌ನಲ್ಲಿ ರವಿಶಂಕರ್ ಅವರದೇ ಕಿನ್ನರ ಸ್ಕೂಲಿಗೆ ಹೋಗ್ತಿದ್ರು.

ರವಿಶಂಕರ್ ಅವರಿಗೆ ಮಾತ್ರ ಇದರಿಂದ ಖುಷಿಗಿಂತ ಸಂಕಟ ಜಾಸ್ತಿ ಆಯ್ತು ಅಂತ ನನಗೆ ಅನ್ಸುತ್ತೆ. 1967ರ ಜೂನ್ 18, ಭಾನುವಾರ, ಕ್ಯಾಲಿಫೋರ್ನಿಯಾದ ಮಾಂಟರೇ ಉತ್ಸವ. ಮಧ್ಯಾಹ್ನ ಅವರು ಅಲ್ಲಾ ರಖಾ ಅವರ ತಬಲಾ ಜೊತೆ ಗಂಟೆಗಟ್ಟಲೆ ನುಡಿಸಿದ್ರು, ಸಾವಿರಾರು ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಅದೇ ರಾತ್ರಿ ಅದೇ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ತನ್ನ ಗಿಟಾರಿಗೆ ಬೆಂಕಿ ಇಟ್ರು. ಹೆಂಡ್ರಿಕ್ಸ್ ದೊಡ್ಡ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ, ಆದರೆ ವಾದ್ಯಕ್ಕೆ ಬೆಂಕಿ ಇಟ್ಟಿದ್ದನ್ನ ರವಿಶಂಕರ್ ಅವರಿಗೆ ತಡ್ಕೊಳೋಕೆ ಆಗಲಿಲ್ಲ, ನವರಾತ್ರೀಲಿ ವೀಣೆಗೆ ಹೂವಿಟ್ಟು ಪೂಜೆ ಮಾಡೋ ನಿಮಗೆ ಇದನ್ನ ನಾನು ಬಿಡಿಸಿ ಹೇಳಬೇಕಿಲ್ಲ. ಸಂಗೀತ ಕೇಳೋಕೆ ಅಮಲು ಬೇಕಿಲ್ಲ ಅಂತ ಅವರು ಆಮೇಲೆ ಎಷ್ಟೋ ವರ್ಷ ಹೇಳ್ತಾನೇ ಇದ್ರು. 1971ರ ಆಗಸ್ಟ್‌ನಲ್ಲಿ ನ್ಯೂಯಾರ್ಕಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗೋಸ್ಕರ ಅವರೂ ಹ್ಯಾರಿಸನ್ನೂ ಸೇರಿ ಕಛೇರಿ ಇಟ್ಟಾಗ ಜನ ಶ್ರುತಿ ಮಾಡ್ಕೊಳ್ತಿದ್ದದ್ದಕ್ಕೇ ಚಪ್ಪಾಳೆ ಹೊಡೆದುಬಿಟ್ರು, ಶ್ರುತಿ ಮಾಡ್ಕೊಳ್ಳೋದೇ ಇಷ್ಟು ಇಷ್ಟ ಆದ್ರೆ ನುಡಿಸೋದು ಇನ್ನೂ ಇಷ್ಟ ಆಗುತ್ತೆ ಅಂತ ಅವರು ಮೃದುವಾಗೇ ಹೇಳಿ ಮುಂದುವರಿಸಿದ್ರು.

ವೀಣೆ ಮಾತು ಬಂತಲ್ಲ, ಇಂಗ್ಲೆಂಡಿನ ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್ ಅಮೇರಿಕಾದ ವೆಸ್ಲಿಯನ್ ಯೂನಿವರ್ಸಿಟೀಲಿ ಡಾ. ಎಸ್. ರಾಮನಾಥನ್ ಅವರ ಹತ್ರ ವೀಣೆ ಪಾಠ ಮಾಡಿಸ್ಕೊಂಡವರು. ಆಮೇಲೆ ಎಲ್. ಶಂಕರ್, ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಜೊತೆ ಶಕ್ತಿ ಅನ್ನೋ ತಂಡ ಕಟ್ಟಿದ್ರು. ಅಲಂಕಾರದಿಂದ ಶುರುವಾಗಿ ಶ್ರದ್ಧೆಗೆ ಬಂದು ಮುಟ್ಟಿದ ದಾರಿ ಇದು, ನಿಮ್ಮ ಶಿಷ್ಯರಿಗೆ ಶಕ್ತಿ ತಂಡದ್ದು ಒಂದಾದ್ರೂ ಕೇಳಿಸಿ.

ಪ್ರಶ್ನೆ: ಡೀಪ್ ಪರ್ಪಲ್, ಬ್ಲ್ಯಾಕ್ ಸಬತ್ ಕೂಡ ಸೈಕೆಡೆಲಿಕ್ಕಾ? (ಕೆ.ಆರ್. ನಗರದ ಓದುಗರು)

ಉತ್ತರ: ಡೀಪ್ ಪರ್ಪಲ್ 1968ರಲ್ಲಿ ಶುರುವಾದಾಗ ಹೌದು, ಆಮೇಲೆ ಹಾರ್ಡ್ ರಾಕ್. ಬ್ಲ್ಯಾಕ್ ಸಬತ್ 1970ರಲ್ಲಿ ಮೊದಲ ಆಲ್ಬಮ್ ತಂದಿದ್ದು, ಅದು ಹೆವಿ ಮೆಟಲ್ ಬಾಗಿಲು. ಗಿಟಾರಿನ ಸದ್ದನ್ನ ಒರಟು ಮಾಡೋದು, ಒಂದೇ ರಿಫ್ಫನ್ನ, ಅಂದ್ರೆ ಗಿಟಾರಿನ ಸಣ್ಣ ತುಣುಕನ್ನ, ಮತ್ತೆ ಮತ್ತೆ ಬಾರಿಸಿ ಏರಿಸೋದು, ಇವೆಲ್ಲ ಹೆಂಡ್ರಿಕ್ಸ್, ಕ್ರೀಮ್ ಬ್ಯಾಂಡು ಇಂಥವರಿಂದ ಬಂದದ್ದು.

ಪ್ರಶ್ನೆ: ಪಿಂಕ್ ಫ್ಲಾಯ್ಡ್‌ನ ಸಿಡ್ ಬ್ಯಾರೆಟ್‌ಗೆ ಏನಾಯ್ತು? ಫ್ರೆಂಡ್ಸ್ ಎಲ್ಲಾ ಅವನೇ ನಿಜವಾದ ಜೀನಿಯಸ್, ಹುಚ್ಚು ಹಿಡಿದಿದ್ದಕ್ಕೇ ಹಂಗೆ ಬರೆದ ಅಂತಾರೆ. (ಶ್ರೀರಂಗಪಟ್ಟಣದಿಂದ ಒಬ್ಬ ಕಾಲೇಜ್ ಹುಡುಗ)

ಉತ್ತರ: ತಮ್ಮ, ಜೀನಿಯಸ್ ಅನ್ನೋದು ಸರಿ, ಎರಡನೇ ಮಾತು ತಪ್ಪು. ಸಿಡ್ ಹುಟ್ಟಿದ್ದು 1946ರಲ್ಲಿ ಕೇಂಬ್ರಿಡ್ಜಲ್ಲಿ, ಚಿತ್ರಕಲೆ ಓದ್ತಿದ್ದ ಹುಡುಗ. ಪಿಂಕ್ ಫ್ಲಾಯ್ಡ್ ಹೆಸರು ಇಟ್ಟಿದ್ದೂ ಅವನೇ, ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಅನ್ನೋ ಇಬ್ಬರು ಬ್ಲೂಸ್ ಗಾಯಕರ ಹೆಸರು ಸೇರಿಸಿ. ಲಂಡನ್ನಿನ ಯುಎಫ್‌ಒ ಕ್ಲಬ್ಬಲ್ಲಿ ಬಣ್ಣದ ಬೆಳಕಿನ ಮಧ್ಯೆ ನುಡಿಸ್ತಾ ನುಡಿಸ್ತಾ ಹೆಸರು ಬಂತು, 1967ರ ಆಗಸ್ಟಲ್ಲಿ ಮೊದಲ ಆಲ್ಬಮ್ ಬಂತು, ಹೆಚ್ಚುಕಮ್ಮಿ ಎಲ್ಲಾ ಹಾಡೂ ಅವನದೇ, ಮಕ್ಕಳ ಕಥೆ ಥರದ ಸಾಲು, ಅದರ ಹಿಂದೆ ಎಲ್ಲೋ ದೂರದ ಆಕಾಶದಿಂದ ಬಂದ ಹಾಗಿನ ಗಿಟಾರ್. ಅದೇ ವರ್ಷದ ಕೊನೆ ಹೊತ್ತಿಗೆ ಸ್ಟೇಜ್ ಮೇಲೆ ನಿಂತು ಒಂದೇ ಸ್ವರ ಬಾರಿಸ್ತಾ ಇರೋದು, ಇಲ್ಲಾ ಬಾರಿಸ್ದೇನೇ ನಿಂತಿರೋದು ಶುರುವಾಯ್ತು, ಎಲ್‌ಎಸ್‌ಡಿ ಸಿಕ್ಕಾಪಟ್ಟೆ ತಗೊಳ್ತಿದ್ದ. 1968ರಲ್ಲಿ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಬಂದ್ರು, ಸಿಡ್ ಹೊರಗೆ ಹೋದ.

1975ರ ಜೂನ್‌ನಲ್ಲಿ ಪಿಂಕ್ ಫ್ಲಾಯ್ಡ್‌ನವರೆಲ್ಲ ಅಬ್ಬೆ ರೋಡಲ್ಲಿ ಸಿಡ್ ಮೇಲೇ ಬರೆದ ಶೈನ್ ಆನ್ ಯೂ ಕ್ರೇಜಿ ಡೈಮಂಡ್ ಹಾಡಿನ ಕೆಲಸ ಮಾಡ್ತಿದ್ದಾಗ ತಲೆ, ಹುಬ್ಬು ಎಲ್ಲಾ ಬೋಳಿಸ್ಕೊಂಡ ಒಬ್ಬ ದಪ್ಪ ಮನುಷ್ಯ ಸ್ಟುಡಿಯೋ ಒಳಗೆ ಬಂದ, ಯಾರು ಅಂತ ಗೊತ್ತಾಗೋಕೇ ಎಷ್ಟೋ ಹೊತ್ತು ಬೇಕಾಯ್ತು, ಸಿಡ್ ಅಂತ ಗೊತ್ತಾದಾಗ ಬ್ಯಾಂಡಿನ ರೋಜರ್ ವಾಟರ್ಸ್ ಅತ್ತುಬಿಟ್ರು. ಆಮೇಲೆ ಅವನು ಕೇಂಬ್ರಿಡ್ಜಲ್ಲೇ ಚಿತ್ರ ಬರ್ಕೊಂಡು, ತೋಟ ನೋಡ್ಕೊಂಡು ಇದ್ದು 2006ರಲ್ಲಿ ತೀರಿಕೊಂಡ. ಹೆಚ್ಚಿನ ಹಾಡು ಬರೆದಿದ್ದು ಆರೋಗ್ಯವಾಗಿದ್ದಾಗ, ಕಾಯಿಲೆ ಬಂದ ಮೇಲೆ ಮೆಲ್ಲಮೆಲ್ಲಗೆ ಹಾಡು ನಿಂತುಹೋಯ್ತು, ಲೆಕ್ಕ ಇಷ್ಟೇ. ತರ್ಟೀನ್ತ್ ಫ್ಲೋರ್ ಎಲಿವೇಟರ್ಸ್‌ನ ರಾಕಿ ಎರಿಕ್ಸನ್ ಕಥೆ ಇನ್ನೂ ಕಠೋರ, 1969ರಲ್ಲಿ ಗಾಂಜಾ ಕೇಸಲ್ಲಿ ಸಿಕ್ಕಿ, ಜೈಲು ತಪ್ಪಿಸ್ಕೊಳೋಕೆ ಮಾನಸಿಕ ಅಸ್ವಸ್ಥ ಅಂತ ವಾದ ಮಾಡಿ, ವರ್ಷಗಟ್ಟಲೆ ಆಸ್ಪತ್ರೇಲಿ ಕೂಡಿಹಾಕಿಸ್ಕೊಂಡ. ನಮ್ಮಲ್ಲಿ ಮಾದಕ ವಸ್ತು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ, ಎಲ್‌ಎಸ್‌ಡಿ ಇಟ್ಕೊಂಡ್ರೇ ಅಪರಾಧ, ಜೈಲಾಗಬಹುದು, ಅದು ಒಂದು ಕಡೆ. ನಿನ್ನ ಫ್ರೆಂಡ್ಸ್‌ನಲ್ಲಿ ಯಾರಾದ್ರೂ ಸಿಡ್ ಥರ ಮಾತು ಬಿಟ್ಟು ಸುಮ್ನೆ ಕೂತಿರೋದು ಕಂಡ್ರೆ ಜೀನಿಯಸ್ ಅಂತ ಹೇಳ್ಕೊಂಡು ಕೂರಬೇಡಿ, ಮನೆಯವರಿಗೆ ಹೇಳಿ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಅದು ಬೇಗ ಆಗಬೇಕಾದ ಕೆಲಸ.

ಪ್ರಶ್ನೆ: ಅಣ್ಣ, ನಮ್ದು ಮಳವಳ್ಳಿ ತಾಲೂಕು. ನಮ್ಮೂರಲ್ಲಿ ನೀಲಗಾರರು ಮಂಟೇಸ್ವಾಮಿ ಪದ ಆಡೋಕ್ ಕೂತ್ರೆ ಬೆಳಕರಿಯೋಗಂಟ ಆಡ್ತಾರೆ. ಮೊನ್ನೆ ಗ್ರೇಟ್‌ಫುಲ್ ಡೆಡ್ ಅನ್ನೋ ಬ್ಯಾಂಡ್‌ನೋರ್ದು 23 ನಿಮಿಷದ್ದೊಂದು ಕೇಳ್ದೆ, ಅಂಗೇ ಅನ್ಸ್ತು ಕಣಣ್ಣ. ಇಂಗ್ ಹೋಲಿಸ್ಬೋದಾ, ತಪ್ಪಾಯ್ತದಾ?

ಉತ್ತರ: ತಪ್ಪೇನೂ ಇಲ್ಲಪ್ಪ, ಇಷ್ಟೂ ಪ್ರಶ್ನೇಲಿ ನನಗೆ ತುಂಬಾ ಹಿಡಿಸಿದ್ದು ನಿಂದೇ. ನೀನು ಕೇಳಿದ್ದು ಡಾರ್ಕ್ ಸ್ಟಾರ್, 1969ರ ಲೈವ್ ಡೆಡ್ ಆಲ್ಬಮ್ಮಿಂದು. ಅದೇ ಹಾಡು ಒಂದು ವರ್ಷ ಮುಂಚೆ ಸಿಂಗಲ್ ಆಗಿ ಬಂದಾಗ ಮೂರು ನಿಮಿಷಾನೂ ಇರಲಿಲ್ಲ. ಸ್ಟೇಜ್ ಮೇಲೆ ಹೋದ ಮೇಲೆ ಬೆಳೀತಾ ಹೋಯ್ತು, ಒಂದು ರಾತ್ರಿ ಹಾಡಿದ್ದು ಇನ್ನೊಂದು ರಾತ್ರಿ ಇರ್ತಿರಲಿಲ್ಲ, ಜೆರ್ರಿ ಗಾರ್ಸಿಯಾ ಗಿಟಾರು ಎಲ್ಲಿಗೆ ಹೋದ್ರೆ ಉಳಿದವರು ಅಲ್ಲಿಗೆ ಹೋಗೋರು, ಜನ ಎದುರಿಗೆ ಹೇಗೆ ಕೂತಿದಾರೆ ಅನ್ನೋದರ ಮೇಲೆ ಹಾಡು ಉದ್ದ ಆಗ್ತಿತ್ತು ಇಲ್ಲಾ ಬೇರೆ ಹಾಡಿಗೆ ಹೊರಳ್ತಿತ್ತು. ನೀಲಗಾರರಲ್ಲೂ ಹಾಗೇ, ತಂಬೂರಿ ಶ್ರುತಿ ನಿಲ್ಲಲ್ಲ, ಡಕ್ಕೆ, ತಾಳ ನಿಲ್ಲಲ್ಲ, ಮುಂದೆ ಹಾಡೋರು ಒಂದು ಸಾಲು ಎತ್ತಿದ್ರೆ ಹಿಮ್ಮೇಳದವರು ಹಿಡ್ಕೊಳ್ತಾರೆ, ಜನದ ಮುಖ ನೋಡ್ಕೊಂಡು ಕಥೆ ಎಲ್ಲಿ ಹಿಗ್ಗಿಸಬೇಕು ಅಲ್ಲಿ ಹಿಗ್ಗಿಸ್ತಾರೆ. ನೀನು ಅದೇ ಕಿವೀಲಿ ಬೆಳೆದವನು, ಅದಕ್ಕೇ 23 ನಿಮಿಷ ನಿನಗೆ ಬೇಜಾರಾಗಲಿಲ್ಲ, ಸಿಟೀಲಿ ಹುಟ್ಟಿದ ಹುಡುಗ್ರು ಐದನೇ ನಿಮಿಷಕ್ಕೆ ಸ್ಕಿಪ್ ಮಾಡ್ತಾರೆ.

ವ್ಯತ್ಯಾಸಾನೂ ಇದೆ, ಅದನ್ನ ಬಿಡಬಾರದು. ನೀಲಗಾರರದ್ದು ದೀಕ್ಷೆ, ಧರೆಗೆ ದೊಡ್ಡವರ ಕಥೆ, ಬೊಪ್ಪೇಗೌಡನಪುರದ ಗದ್ದುಗೆಗೆ ನಡ್ಕೊಳ್ಳೋ ಒಕ್ಕಲಿನ ನಂಬಿಕೆ, ಅಲ್ಲಿ ಪದಾನೇ ಮುಖ್ಯ. ಡೆಡ್‌ನವರಲ್ಲಿ ಪದ ಕಮ್ಮಿ, ವಾದ್ಯಾನೇ ಮುಖ್ಯ. ಒಂದು ಒಳ್ಳೆ ಪದ್ಧತಿ ಇತ್ತು ಅವರದ್ದು, ಕಛೇರಿಗೆ ಬಂದವರು ಟೇಪಲ್ಲಿ ರೆಕಾರ್ಡ್ ಮಾಡ್ಕೊಳೋಕೆ ಅವರೇ ಬಿಡ್ತಿದ್ರು, ಅಭಿಮಾನಿಗಳು ಒಬ್ರಿಗೊಬ್ರು ಕ್ಯಾಸೆಟ್ ಹಂಚ್ಕೊಂಡು ಸಾವಿರಾರು ರಾತ್ರಿಗಳ ಹಾಡು ಉಳಿದುಕೊಂಡಿದೆ. ನೀನೂ ಊರಿನ ಹಿರಿಯ ನೀಲಗಾರರ ಒಪ್ಪಿಗೆ ತಗೊಂಡು ಒಂದು ರಾತ್ರಿ ಪೂರ್ತಿ ರೆಕಾರ್ಡ್ ಮಾಡು, ಫೋನ್ ಸಾಕು, ಏರೋಪ್ಲೇನ್ ಮೋಡಲ್ಲಿಟ್ಟು ಹಾಡೋರ ಹತ್ರ ಎತ್ತರದಲ್ಲಿ ಇಡು, ಚಾರ್ಜರ್ ಜೊತೇಲಿರಲಿ. ಇನ್ನೊಂದು ವಿಷಯ, ಡೆಡ್ ಬ್ಯಾಂಡಿನ ಡ್ರಮ್ಮರ್ ಮಿಕ್ಕಿ ಹಾರ್ಟ್, ಜಾಕಿರ್ ಹುಸೇನ್, ನಮ್ಮ ದಕ್ಷಿಣದ ವಿಕ್ಕು ವಿನಾಯಕರಾಮ್ ಎಲ್ಲಾ ಸೇರಿ 1991ರಲ್ಲಿ ತಂದ ಪ್ಲಾನೆಟ್ ಡ್ರಮ್‌ಗೆ ವರ್ಲ್ಡ್ ಮ್ಯೂಸಿಕ್ ವಿಭಾಗದ ಮೊಟ್ಟಮೊದಲ ಗ್ರ್ಯಾಮಿ ಬಂತು, ಅದರಲ್ಲಿ ಘಟದ ಸದ್ದು ಕೇಳು.

ಪ್ರಶ್ನೆ: ಮೈಸೂರಿಗೂ ಅಬ್ಬೆ ರೋಡಿಗೂ ಏನೋ ಸಂಬಂಧ ಇದೆ ಅಂತ ಯಾರೋ ಹೇಳಿದ್ರು, ನಿಜಾನ?

ಉತ್ತರ: ರಾಕ್ ಜೊತೆ ಅಲ್ಲ, ಅಬ್ಬೆ ರೋಡ್ ಸ್ಟುಡಿಯೋ ಇಟ್ಕೊಂಡಿದ್ದ ಇಎಂಐ ಕಂಪನಿ ಜೊತೆ. ಜಯಚಾಮರಾಜ ಒಡೆಯರ್ ಅವರು ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನ ರೆಕಾರ್ಡ್ ಮಾಡಿಸೋಕೆ ಹಣ ಕೊಟ್ರು, ಮಾಡಿದ್ದು ಎಚ್‌ಎಂವಿ, ಅದು ಇಎಂಐ ಸಂಸ್ಥೆಯದ್ದೇ. ಲಂಡನ್ನಿನ ಫಿಲಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರೂ ಆಗಿದ್ರು. ನಮ್ಮೂರಿನ ಹೆಮ್ಮೆ ಇದು, ಇನ್ನೊಂದು ಸಂಚಿಕೇಲಿ ವಿವರವಾಗಿ ಬರೀತೀನಿ.

ಪ್ರಶ್ನೆ: ಇವೆಲ್ಲಾ ಅರವತ್ತು ವರ್ಷದ ಹಿಂದಿನ ಮಾತು. ಇವತ್ತಿನ ಹಾಡಲ್ಲಿ, ಅದರಲ್ಲೂ ನಮ್ಮ ಸಿನಿಮಾ ಹಾಡಲ್ಲಿ, ಇದರ ಪ್ರಭಾವ ಎಲ್ಲಿದೆ? (ಮದ್ದೂರಿನ ಓದುಗರು, ಬ್ಯಾಂಕ್ ಉದ್ಯೋಗಿ)

ಉತ್ತರ: ಎಲ್ಲಾ ಕಡೆ ಇದೆ ಸಾರ್, ಹಾಗಾಗೇ ಕಾಣಲ್ಲ. ಅದಕ್ಕೂ ಮುಂಚೆ ರೆಕಾರ್ಡಿಂಗ್ ಅಂದ್ರೆ ಹಾಡೋರು ಹಾಡಿದ್ದನ್ನ ಆದಷ್ಟು ಹಾಗ್‌ಹಾಗೇ ಹಿಡಿಯೋದು. ಈ ಸೈಕೆಡೆಲಿಕ್‌ನವರು ಬಂದ ಮೇಲೆ ಸ್ಟುಡಿಯೋನೇ ಒಂದು ವಾದ್ಯ ಆಯ್ತು. ಇವತ್ತು ಯಾವುದೇ ಭಾಷೆಯ ಹಾಡಲ್ಲಿ ದನಿ ಎರಡೆರಡಾಗಿ ಕೇಳೋದು, ಸದ್ದು ಎಡಗಿವಿಯಿಂದ ಬಲಗಿವಿಗೆ ಹರಿಯೋದು, ಉಲ್ಟಾ ಓಡೋದು, ಒಂದೇ ತುಣುಕು ಲೂಪಲ್ಲಿ ತಿರುಗೋದು, ಇವೆಲ್ಲಾ ಆ ಕಾಲದವರು ಕತ್ತರಿ ಮತ್ತೆ ಗಮ್ ಟೇಪ್ ಹಿಡಿದು ಮಾಡಿದ್ದು. ಪಿಂಕ್ ಫ್ಲಾಯ್ಡ್ 1973ರಲ್ಲಿ ಮನಿ ಹಾಡಿಗೆ ಕ್ಯಾಶ್ ರಿಜಿಸ್ಟರು, ನಾಣ್ಯದ ಸದ್ದನ್ನ ಟೇಪಲ್ಲಿ ಅಳತೆ ಮಾಡಿ ಕತ್ತರಿಸಿ ಅಂಟಿಸಿ ತಾಳ ಮಾಡಿದ್ರು, ಇವತ್ತು ಅದೇ ಕೆಲಸ ಲ್ಯಾಪ್‌ಟಾಪಲ್ಲಿ ಆಗುತ್ತೆ. ಆ ಹಾಡಿರೋ ಡಾರ್ಕ್ ಸೈಡ್ ಆಫ್ ದ ಮೂನ್ ಆಲ್ಬಮ್ 1988ರವರೆಗೆ ಅಮೇರಿಕಾದ ಬಿಲ್‌ಬೋರ್ಡ್ ಪಟ್ಟೀಲಿ ಒಟ್ಟು 741 ವಾರ ಇತ್ತು ಅಂದ್ರೆ ಇದು ಯಾವುದೋ ಮೂಲೆಯ ಸಂಗೀತ ಅಲ್ಲ ಅಂತ ಆಯ್ತಲ್ಲ.

ಕರಿಯರ ಸಂಗೀತಕ್ಕೆ ಹೋದದ್ದನ್ನ ಜನ ಮರೀತಾರೆ, ನನಗೆ ಅದೇ ತುಂಬಾ ದೊಡ್ಡದು ಅನ್ಸುತ್ತೆ. ಸೂಟು ಹಾಕ್ಕೊಂಡು ಪ್ರೇಮಗೀತೆ ಹಾಡ್ತಿದ್ದ ಟೆಂಪ್ಟೇಶನ್ಸ್ ತಂಡಾನ ಪ್ರೊಡ್ಯೂಸರ್ ನಾರ್ಮನ್ ವಿಟ್‌ಫೀಲ್ಡ್ 1968ರಲ್ಲಿ ಕ್ಲೌಡ್ ನೈನ್ ಅನ್ನೋ ಹಾಡಲ್ಲಿ ವಾ-ವಾ ಅಂತ ಸದ್ದು ಮಾಡೋ ಗಿಟಾರ್ ಹಾಕಿ ಬೇರೆ ಲೋಕಕ್ಕೆ ಕರ್ಕೊಂಡು ಹೋದ್ರು, ಮೋಟೌನ್ ಕಂಪನಿಗೆ ಮೊದಲ ಗ್ರ್ಯಾಮಿ ಅದರಿಂದಲೇ ಬಂತು. ಸ್ಲೈ ಸ್ಟೋನ್, ಆಮೇಲೆ ಫಂಕಡೆಲಿಕ್ ಅನ್ನೋ ತಂಡ, ಇವರದ್ದೂ ಅದೇ ದಾರಿ. ಫಂಕಡೆಲಿಕ್‌ನ ಎಡ್ಡಿ ಹೇಜಲ್ 1971ರಲ್ಲಿ ಹತ್ತು ನಿಮಿಷ ಗಿಟಾರಲ್ಲಿ ಅತ್ತಿರೋದನ್ನ ಒಂದು ಸಲ ರಾತ್ರಿ ಕೇಳಿ. ಇವರ ತುಣುಕುಗಳನ್ನೇ ಹಿಪ್ ಹಾಪ್‌ನವರು ಎತ್ಕೊಂಡು ಹೊಸ ಹಾಡು ಕಟ್ಟಿದ್ದು. ಈಗಿನ ಕಾಲಕ್ಕೆ ಬಂದ್ರೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕೆವಿನ್ ಪಾರ್ಕರ್ ಅನ್ನೋನು ಒಬ್ಬನೇ ಎಲ್ಲಾ ವಾದ್ಯ ನುಡಿಸಿ ಟೇಮ್ ಇಂಪಾಲಾ ಅನ್ನೋ ಹೆಸರಲ್ಲಿ ಆಲ್ಬಮ್ ಮಾಡ್ತಾನೆ, ಅವನ ಹಾಡನ್ನ ರಿಹಾನಾ 2016ರ ತನ್ನ ಆಲ್ಬಮ್ಮಲ್ಲಿ ಹಾಡಿದ್ಲು, ಲೇಡಿ ಗಾಗಾ, ಟ್ರಾವಿಸ್ ಸ್ಕಾಟ್ ಅವನ ಜೊತೆ ಕೆಲಸ ಮಾಡಿದಾರೆ.

ನಮ್ಮ ಕಡೆ ಮೊದಲು ಗಟ್ಟಿಯಾಗಿ ಕೇಳಿಸಿದ್ದು ಹಿಂದೀಲಿ, 1971ರಲ್ಲಿ ಆರ್.ಡಿ. ಬರ್ಮನ್, ಆಶಾ ಭೋಸ್ಲೆ, ದಮ್ ಮಾರೋ ದಮ್. ಕನ್ನಡದಲ್ಲಿ ನೇರವಾಗಿ ಸೈಕೆಡೆಲಿಕ್ ಅನ್ನೋ ಹಾಗೆ ಬಂದದ್ದು ಕಮ್ಮಿ, ಆದರೆ ಎಪ್ಪತ್ತರ ದಶಕದಲ್ಲಿ ಎಲೆಕ್ಟ್ರಿಕ್ ಗಿಟಾರು, ಎಕೋ ಇವೆಲ್ಲಾ ಮನೆಮನೆ ರೇಡಿಯೋಗೆ ಬಂದ್ವು, ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಡಾ. ರಾಜ್‌ಕುಮಾರ್ ಹಾಡಿದ ಇಫ್ ಯೂ ಕಮ್ ಟುಡೇ, 1978ರದ್ದು, ಇವತ್ತಿಗೂ ಹುಡುಗ್ರು ರೀಲ್ಸ್ ಮಾಡ್ತಾರೆ. ಮೈಸೂರಲ್ಲೇ ಬೆಳೆದ ರಘು ದೀಕ್ಷಿತ್, ಅವರ ತಮ್ಮ ಸ್ವರಾತ್ಮ ಬ್ಯಾಂಡಿನ ವಾಸು ದೀಕ್ಷಿತ್ ಇವರದ್ದು ಫೋಕ್ ರಾಕ್. ರಘು ಹಾಡಿದ ಶರೀಫಜ್ಜರ ಗುಡುಗುಡಿ ಪದ ನೆನಪಿಸ್ಕೊಳ್ಳಿ, ಸೇದೋ ಗುಡುಗುಡೀನೇ ಇಟ್ಕೊಂಡು ದೇಹ, ಮನಸ್ಸಿನ ಮಾತು ಹೇಳಿರೋದು, ಇಂಗ್ಲೆಂಡಿನ ಹುಡುಗ್ರು ಹುಟ್ಟೋಕೆ ಎಷ್ಟೋ ಮುಂಚೆ.

ಪ್ರಶ್ನೆ: ನೀವು ಹೇಳೋ ಹೆಸರೆಲ್ಲಾ ಗಂಡಸರದ್ದೇ, ಅದೂ ಇಂಗ್ಲಿಷ್‌ನವರದ್ದೇ. ಹೆಣ್ಣುಮಕ್ಕಳು ಇರಲಿಲ್ವಾ? (ಕುವೆಂಪುನಗರ, ಗೃಹಿಣಿ)

ಉತ್ತರ: ಇದ್ರು ಮೇಡಂ, ಕೇಳಬೇಕಾದ ಪ್ರಶ್ನೇನೇ ಕೇಳಿದ್ರಿ. ಜೆಫರ್ಸನ್ ಏರ್‌ಪ್ಲೇನ್ ಬ್ಯಾಂಡಿನ ಗ್ರೇಸ್ ಸ್ಲಿಕ್ ಬರೆದು ಹಾಡಿದ ವೈಟ್ ರ‍್ಯಾಬಿಟ್, 1967ರದ್ದು, ಪಲ್ಲವಿ ಅಂತಾನೇ ಇಲ್ಲ, ಬೊಲೆರೋ ತಾಳದಲ್ಲಿ ಮೆಲ್ಲಗೆ ಶುರುವಾಗಿ ಏರ್ತಾ ಏರ್ತಾ ಹೋಗಿ ತುತ್ತತುದೀಲಿ ನಿಲ್ಲುತ್ತೆ, ಎರಡೂವರೆ ನಿಮಿಷದಲ್ಲಿ ಎಲ್ಲಾ ಮುಗೀತು. ಜಾನಿಸ್ ಜಾಪ್ಲಿನ್ ಇದ್ರು, 1970ರಲ್ಲಿ 27 ವರ್ಷಕ್ಕೆ ಹೋಗಿಬಿಟ್ರು, ಹೆಂಡ್ರಿಕ್ಸ್ ಹೋಗಿ ತಿಂಗಳೂ ಆಗಿರಲಿಲ್ಲ.

ಬ್ರೆಜಿಲ್‌ನಲ್ಲಿ ಓಸ್ ಮುಟಾಂಟಿಸ್ ಅನ್ನೋ ತಂಡದಲ್ಲಿ ರೀಟಾ ಲೀ. ಅಲ್ಲಿ ಮಿಲಿಟರಿ ಸರ್ಕಾರ ಇತ್ತು, ಇವರ ಜೊತೆಗಾರರಾದ ಕಾಯೆಟಾನೋ ವೆಲೋಸೋ, ಜಿಲ್ಬರ್ಟೋ ಜಿಲ್ ಇಬ್ಬರನ್ನೂ 1968ರ ಡಿಸೆಂಬರಲ್ಲಿ ಹಿಡಿದು ಒಳಗೆ ಹಾಕಿದ್ರು, ಆಮೇಲೆ ದೇಶ ಬಿಡಿಸಿದ್ರು, ಅದೇ ಜಿಲ್ 2003ರಲ್ಲಿ ಆ ದೇಶದ ಸಂಸ್ಕೃತಿ ಮಂತ್ರಿ ಆದ್ರು. ಕಾಂಬೋಡಿಯಾದ ರೋಸ್ ಸೆರೆಸೊತಿಯಾ ದನಿ ಕೇಳಿ, ಒರಟು ಸದ್ದಿನ ಫಜ್ ಗಿಟಾರಿನ ಮೇಲೆ ಎಳೆ ದನಿ. 1975ರಲ್ಲಿ ಖಮೇರ್ ರೂಜ್ ಅನ್ನೋ ಕಮ್ಯುನಿಸ್ಟ್ ಗುಂಪು ಅಧಿಕಾರಕ್ಕೆ ಬಂದ ಮೇಲೆ ಅಲ್ಲಿನ ಕಲಾವಿದರನ್ನ ಹುಡುಕಿ ಮುಗಿಸಿದ್ರು, ಆಕೆ, ಗಾಯಕ ಸಿನ್ ಸಿಸಮೂತ್ ಯಾರೂ ವಾಪಸ್ ಬರಲಿಲ್ಲ. ಆಕೆ ಹಾಡು ಕೇಳುವಾಗ ನನಗೆ ಇವತ್ತೂ ಗಂಟಲು ಕಟ್ಟುತ್ತೆ.

ಪ್ರಶ್ನೆ: ನಾವು ಮಂಡ್ಯದಲ್ಲಿ ನಾಲ್ಕು ಜನ ಸೇರಿ ಬ್ಯಾಂಡ್ ಮಾಡಿದೀವಿ, ಯುವ ಸಂಭ್ರಮಕ್ಕೆ ಮಾನಸಗಂಗೋತ್ರಿ ಬಯಲು ರಂಗಮಂದಿರದಲ್ಲಿ ಒಂದು ದಿನ ಆಡಬೇಕು ಅಂತ ಆಸೆ. ದುಡ್ಡು ಕಮ್ಮಿ. ಯಾವ ಪೆಡಲ್ ತಗೊಳೋದು?

ಉತ್ತರ: ಪೆಡಲ್ ಅಂದ್ರೆ ಗಿಟಾರಿನ ಸದ್ದು ಬದಲಾಯಿಸೋಕೆ ಕಾಲಲ್ಲಿ ಒತ್ತೋ ಪೆಟ್ಟಿಗೆ. ಮೊದಲು ಸದ್ದನ್ನ ಒರಟು ಮಾಡೋ ಫಜ್, ಆಮೇಲೆ ಸದ್ದನ್ನ ಸ್ವಲ್ಪ ತಡವಾಗಿ ಮತ್ತೆ ಕೇಳಿಸೋ ಡಿಲೇ, ಅದಾದ್ಮೇಲೆ ವಾ-ವಾ. ಫಜ್ ಹುಟ್ಟಿದ್ದೇ ಕೆಟ್ಟುಹೋದ ಮಷೀನಿಂದ. 1961ರಲ್ಲಿ ಬಂದ ಮಾರ್ಟಿ ರಾಬಿನ್ಸ್ ಹಾಡೊಂದು ಅಮೇರಿಕಾದ ನ್ಯಾಶ್‌ವಿಲ್‌ನಲ್ಲಿ ರೆಕಾರ್ಡ್ ಆಗುವಾಗ ಮಿಕ್ಸರಿನ ಒಂದು ಚಾನಲ್ ಕೆಟ್ಟು ಗ್ರೇಡಿ ಮಾರ್ಟಿನ್ ಬಾರಿಸ್ತಿದ್ದ ಬೇಸ್ ಗೊರಗೊರ ಅಂತು, ಅದನ್ನ ತೆಗೀದೆ ಹಾಗೇ ಬಿಟ್ರು, ಆ ಸದ್ದಿಗೇ 1962ರಲ್ಲಿ ಮೇಸ್ಟ್ರೋ ಅನ್ನೋ ಪೆಡಲ್ ಬಂತು, 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನವರು ಸ್ಯಾಟಿಸ್‌ಫ್ಯಾಕ್ಷನ್‌ನಲ್ಲಿ ಬಳಸಿದ ಮೇಲೆ ಎಲ್ಲರಿಗೂ ಬೇಕಾಯ್ತು. ಹಳೇ ಮಾದರಿಯ ಜರ್ಮೇನಿಯಂ ಟ್ರಾನ್ಸಿಸ್ಟರ್ ಇರೋದು ತಗೋಬೇಡಿ, ಬಿಸಿಲಿಗೆ ಅದರ ಸದ್ದು ಬದಲಾಗುತ್ತೆ, ನಮ್ಮ ಮಂಡ್ಯದ ಏಪ್ರಿಲ್‌ಗೆ ಅದು ಆಗಿಬರಲ್ಲ, ಸಿಲಿಕಾನ್‌ದು ತಗೊಳ್ಳಿ. ದುಡ್ಡು ಅದಕ್ಕೂ ಸಾಲಲ್ಲ ಅಂದ್ರೆ ಸೆಕೆಂಡ್ ಹ್ಯಾಂಡ್ ಮಲ್ಟಿ ಎಫೆಕ್ಟ್ಸ್ ಒಂದು ಸಾಕು.

ದುಡ್ಡಿಲ್ದೆ ಮಾಡೋ ಕೆಲಸಗಳೇ ಜಾಸ್ತಿ ಇವೆ. ಆಡಾಸಿಟಿ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ಕೊಳ್ಳಿ. ಗಿಟಾರ್ ರೆಕಾರ್ಡ್ ಮಾಡಿ ರಿವರ್ಸ್ ಕೊಡಿ, ಸ್ವರ ಹಿಂದಿನಿಂದ ಉಬ್ಬಿ ಬಂದು ಟಕ್ ಅಂತ ನಿಲ್ಲುತ್ತೆ, ನಿಮಗೆ ಬೇಕಾದ ರಾಗಾನೇ ಬರಬೇಕು ಅಂದ್ರೆ ಅದನ್ನ ಕೊನೆಯಿಂದ ಮೊದಲಿಗೆ ಬರ್ಕೊಂಡು ಹಾಗೇ ಬಾರಿಸಿ ಆಮೇಲೆ ತಿರುಗಿಸಿ, ಜಾರ್ಜ್ ಹ್ಯಾರಿಸನ್ 1966ರಲ್ಲಿ ಐ ಆಮ್ ಓನ್ಲಿ ಸ್ಲೀಪಿಂಗ್ ಹಾಡಿಗೆ ಮಾಡಿದ್ದು ಇದನ್ನೇ. ಹಾಡಿದ ಟ್ರ್ಯಾಕನ್ನ ಕಾಪಿ ಮಾಡಿ ಎರಡನೇದನ್ನ 30 ಮಿಲಿಸೆಕೆಂಡ್ ಹಿಂದೆ ತಳ್ಳಿ, ಒಂದನ್ನ ಎಡಕ್ಕೆ ಒಂದನ್ನ ಬಲಕ್ಕೆ ಹಾಕಿ. ಫೋನಲ್ಲಿ ಶ್ರುತಿ ಪೆಟ್ಟಿಗೆ ಆ್ಯಪ್ ಹಾಕ್ಕೊಂಡು ಒಂದೇ ಶ್ರುತಿ ಇಟ್ಟು, ಕಾರ್ಡ್ ಬದಲಾಯಿಸದೆ ಹತ್ತು ನಿಮಿಷ ನಾಲ್ಕೂ ಜನ ಬಾರಿಸಿ ಅಭ್ಯಾಸ ಮಾಡಿ, ಒಬ್ರು ಬಾರಿಸುವಾಗ ಉಳಿದ ಮೂರು ಜನ ಕೇಳಿಸ್ಕೊಳೋದು ಕಲೀಬೇಕು, ಕಷ್ಟ ಇರೋದು ಅಲ್ಲೇ. ಮೈಷುಗರ್ ಫ್ಯಾಕ್ಟರಿ ಕಡೆ ಹೋಗೋ ಕಬ್ಬಿನ ಲಾರಿ ಸದ್ದು, ಸಂತೇಲಿ ಕೂಗೋರ ದನಿ, ಊರಲ್ಲಿ ಕಂಸಾಳೆಯವರು ಒಪ್ಪಿದ್ರೆ ಅವರ ತಾಳ, ಎಲ್ಲಾ ಫೋನಲ್ಲಿ ಹಿಡ್ಕೊಳ್ಳಿ, ಲೂಪ್ ಮಾಡಿ. ಒಂದು ಹಾಡು ತಯಾರಾದ ತಕ್ಷಣ ಪತ್ರಿಕೆ ವಿಳಾಸಕ್ಕೆ ಪೆನ್‌ಡ್ರೈವಲ್ಲಿ ಕಳ್ಸಿ, ಹೆಡ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳಿ ಮುಂದಿನ ಸಂಚಿಕೇಲಿ ಉತ್ತರ ಬರೀತೀನಿ.